ಲಂಡನ್ ಖಾತೆಯ ಮಾನಪತ್ರ

ಬೆಳಿಗ್ಗೆ ಹನ್ನೊಂದು ಗಂಟೆಗೆ ಮೊರಬದ ಹತ್ತಿ ಬೆಳೆಗಾರರ ಸಂಘದ ಅಂಗಳದಲ್ಲಿ ಕುಬೇರಪ್ಪ ಹೆಬಸೂರನಿಗೆ ಮಾನಪತ್ರ ಅರ್ಪಿಸಲಾಯಿತು. ಅವನು ಲಂಡನ್ನಿನ ಒಂದು ಬ್ಯಾಂಕಿನಲ್ಲಿ ತನ್ನ ಹೆಸರಿನ ಖಾತೆ ತೆರೆದು ಬಂದಿದ್ದ. ಅಂದು 1978ರ ನವೆಂಬರ್ ಐದು, ಭಾನುವಾರ.

ಶಾಲು, ಹಾರ, ಬಾಜಾಬಜಂತ್ರಿ ಎಲ್ಲವೂ ಇದ್ದವು. ಖರ್ಚು ಕುಬೇರಪ್ಪನದೇ. ಮೂರು ವಾರಗಳಲ್ಲಿ ಸಂಘದ ಅಧ್ಯಕ್ಷರ ಆಯ್ಕೆ ನಡೆಯಬೇಕಿತ್ತು. ಎರಡು ಅವಧಿಗೆ ಉಪಾಧ್ಯಕ್ಷನಾಗಿದ್ದ ಅವನು, ಅಧ್ಯಕ್ಷರು ಸಭೆಗೆ ಬಾರದ ದಿನಗಳಲ್ಲಿ ಮಾತ್ರ ಅವರ ಕುರ್ಚಿಯಲ್ಲಿ ಕುಳಿತಿದ್ದ. ಈ ಸಲ ಆ ಕುರ್ಚಿ ಕಾಯಂ ಬೇಕಿತ್ತು. ಎದುರಿಗೆ ನಿಂತಿದ್ದವನು ಅವನ ಚಿಕ್ಕಪ್ಪನ ಮಗ ಈರಬಸಪ್ಪ. ಈರಬಸಪ್ಪ ಧಾರವಾಡದಿಂದಾಚೆ ಹೋದವನಲ್ಲ ಎಂಬುದನ್ನು ಕುಬೇರಪ್ಪ ಪ್ರತಿ ಓಣಿಯಲ್ಲೂ ಹೇಳಿಕೊಂಡು ಬಂದಿದ್ದ.

ಆಗಸ್ಟ್‌ನಲ್ಲಿ ಸಹಕಾರಿಗಳ ನಿಯೋಗವೊಂದು ಇಂಗ್ಲೆಂಡಿನ ನೂಲಿನ ಗಿರಣಿಗಳನ್ನು ನೋಡಲು ಹೋಗಿತ್ತು. ಅಧ್ಯಕ್ಷರಿಗೆ ಕಾಮಾಲೆಯಾದ್ದರಿಂದ ಉಪಾಧ್ಯಕ್ಷನಿಗೆ ವಿಮಾನ ಸಿಕ್ಕಿತು. ಗಿರಣಿಗಳ ಬಗ್ಗೆ ಅವನು ಸಂಘಕ್ಕೆ ಕೊಟ್ಟ ವರದಿ ಒಂದೇ ಸಾಲಿನದು: "ಭಾಳ ದೊಡ್ಡವು ಅದಾವ್ರಿ."

ಹೆಂಡತಿ ಶಾರದವ್ವ ಒಂದು ಟ್ರಂಕಿನ ತುಂಬ ಕಡಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಟ್ಟಿದ್ದಳು. ಜೊತೆಯವರು ಹೋಟೆಲಿನಲ್ಲಿ ಉಣ್ಣುತ್ತಿದ್ದಾಗ ಕುಬೇರಪ್ಪ ಕೋಣೆಯ ಬಾಗಿಲು ಹಾಕಿಕೊಂಡು ರೊಟ್ಟಿ ಮುರಿಯುತ್ತಿದ್ದ. ಊಟಕ್ಕೆಂದು ಸಿಕ್ಕ ಭತ್ಯೆಯಲ್ಲಿ ಮೂವತ್ತೊಂದು ಪೌಂಡು ಉಳಿಯಿತು. ಊರಿನ ಲೆಕ್ಕದಲ್ಲಿ ಅದಕ್ಕೆ ಒಂದು ಒಳ್ಳೆಯ ಎತ್ತೂ ಬರುತ್ತಿರಲಿಲ್ಲ. ಉಳಿದ ವಿದೇಶಿ ಹಣವನ್ನು ಮರಳಿ ಬಂದ ಮೇಲೆ ಬ್ಯಾಂಕಿಗೆ ಒಪ್ಪಿಸಬೇಕೆಂದು ನಿಯೋಗದವರಿಗೆಲ್ಲ ಮುಂಬಯಿಯಲ್ಲೇ ತಿಳಿಸಲಾಗಿತ್ತು. ಕುಬೇರಪ್ಪ ಆಗ ತೂಕಡಿಸುತ್ತಿದ್ದ.

ಲಂಡನ್ನಿನಲ್ಲಿ ಅವನನ್ನು ಬ್ಯಾಂಕಿಗೆ ಕರೆದುಕೊಂಡು ಹೋದವನು ಏಕನಾಥ. ಮೊರಬದ ನಿವೃತ್ತ ಹೆಡ್‌ಮಾಸ್ತರ ವೆಂಕಣ್ಣನವರ ಮಗ. ಎಂಟು ವರ್ಷಗಳಿಂದ ಅಲ್ಲಿಯೇ ನೌಕರಿಯಲ್ಲಿದ್ದ. ಪರದೇಶದವರು ಖಾತೆ ತೆರೆಯಬೇಕಾದರೆ ಪಾಸ್‌ಪೋರ್ಟ್ ತೋರಿಸಬೇಕಿತ್ತು, ಬ್ಯಾಂಕಿಗೆ ಗೊತ್ತಿರುವ ಒಬ್ಬರು ಪರಿಚಯ ಹೇಳಬೇಕಿತ್ತು. ಏಕನಾಥ ಪರಿಚಯ ಹೇಳಿದ. ಗುಮಾಸ್ತೆ ಕುಬೇರಪ್ಪನ ಹೆಸರಿನ ಮುಂದೆ "ನಾನ್ ರೆಸಿಡೆಂಟ್" ಎಂದು ಬರೆದಳು. ಅಲ್ಲಿ ವಾಸವಿಲ್ಲದವನು ಎಂಬುದಷ್ಟೇ ಅದರ ಅರ್ಥ. ಕುಬೇರಪ್ಪ ಅದನ್ನೊಂದು ಪದವಿ ಎಂದುಕೊಂಡ.

ಹೊರಗೆ ಬಂದ ಮೇಲೆ ಏಕನಾಥ ಹೇಳಿದ: "ಕಾಕಾ, ನಿಮ್ಮ ಹಟಕ್ಕ ಮಾಡಿಕೊಟ್ಟೀನಿ. ಊರಾಗ ಬಾಯಿ ಬಿಡಬ್ಯಾಡ್ರಿ. ನಮ್ಮ ದೇಶದಾಗ ಇರೋರು ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದ ಹೊರದೇಶದಾಗ ಖಾತೆ ಇಡೋ ಹಂಗಿಲ್ಲ. ಕಾಯ್ದಾ ಅದ."

"ನಾ ಯಾರಿಗೆ ಹೇಳ್ಲೋ? ನನಗೇನು ಹುಚ್ಚೇನು?"

ಲಂಡನ್ನಿನಿಂದ ಮುಂಬಯಿವರೆಗೆ ಅವನು ಯಾರಿಗೂ ಹೇಳಲಿಲ್ಲ. ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಚಹಾ ಮಾರುವವನಿಗೆ ಹೇಳಿದ.

ದೀಪಾವಳಿಯ ಹೊತ್ತಿಗೆ ಮನೆಯ ಮುಂದೆ ಹೊಸ ಬೋರ್ಡು ಬಂತು: "ಕುಬೇರಪ್ಪ ಬ. ಹೆಬಸೂರ, ನಾನ್ ರೆಸಿಡೆಂಟ್, ಲಂಡನ್." ಶಾರದವ್ವ ಅದನ್ನು ಮಗನಿಂದ ಓದಿಸಿ, ಅರ್ಥ ಕೇಳಿಕೊಂಡಳು.

"ಇಲ್ಲೇ ಹುಟ್ಟೀರಿ, ಇಲ್ಲೇ ಮೂರು ಹೊತ್ತು ಉಣ್ಣಾಕತ್ತೀರಿ. ಇಲ್ಲಿಯವರಲ್ಲ ಅಂತ ಬಾಗಲಕ್ಕ ಬರಸೀರಲ್ಲ, ನಾಳೆ ರೇಶನ್ ಕಾರ್ಡಿನ್ಯಾಗ ನಿಮ್ಮ ಹೆಸರು ಹೊಡದ್ರ ಏನ್ ಮಾಡ್ತೀರಿ?"

"ನಿನಗ ತಿಳಿಯೂದಿಲ್ಲ, ಸುಮ್ಮನಿರ."

"ನನಗ್ಯಾಕ ತಿಳೀತೈತ್ರಿ? ನಾ ಬರೇ ರೊಟ್ಟಿ ಬಡದಾಕಿ."

ಮಾನಪತ್ರವನ್ನು ಬರೆದವರು ವೆಂಕಣ್ಣ ಮಾಸ್ತರರು. ಕಾಯ್ದೆಯ ವಿಷಯವನ್ನು ಮಗ ಪತ್ರದಲ್ಲಿ ತಿಳಿಸಿದ್ದರೂ ಬರೆದರು. ಊರಿನ ಮಾನಪತ್ರಗಳನ್ನೆಲ್ಲ ಅವರೇ ಬರೆಯುತ್ತಿದ್ದರು, ಇದೊಂದನ್ನು ಬಿಡುವುದು ಅವರಿಗೆ ಸರಿ ಕಾಣಲಿಲ್ಲ. "ಸಪ್ತಸಾಗರಗಳಾಚೆ ಮೊರಬದ ಲಕ್ಷ್ಮಿಯನ್ನು ಪ್ರತಿಷ್ಠಾಪಿಸಿದ ದಾನಶೂರರೇ" ಎಂದು ಅದು ಆರಂಭವಾಗುತ್ತಿತ್ತು. ಮೊದಲು ಚಪ್ಪಾಳೆ ಹೊಡೆದವನು ಈರಬಸಪ್ಪ. ಕುಬೇರಪ್ಪ ಶಾಲು ಹೊದ್ದು ಫೋಟೋ ತೆಗೆಸಿಕೊಂಡು, ಸುದ್ದಿಯನ್ನೂ ಬರೆಸಿ, ಎರಡನ್ನೂ ತಾನೇ ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಕಳಿಸಿದ. ಒಂದು ವಾರದ ನಂತರ ಅದು ಒಳಪುಟದಲ್ಲಿ ಅಚ್ಚಾಯಿತು.

ನವೆಂಬರ್ ಇಪ್ಪತ್ಮೂರರಂದು, ಗುರುವಾರ, ಆ ಪುಟದ ತುಣುಕನ್ನು ಕೈಯಲ್ಲಿ ಹಿಡಿದು ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬಂದರು. ವಿದೇಶಿ ವಿನಿಮಯ ಕಾಯ್ದೆಯನ್ನು ಜಾರಿಗೊಳಿಸುವ ಕಚೇರಿಯವರು. ಸಂಘದ ಕೋಣೆಯಲ್ಲಿ ಮೇಜು ಹಾಕಿಸಿ, ಆಡಳಿತ ಮಂಡಳಿಯ ಸದಸ್ಯರನ್ನೂ ಕುಬೇರಪ್ಪನನ್ನೂ ಕರೆಸಿದರು.

"ಇದರಲ್ಲಿರುವುದು ನಿಜವೇ? ಲಂಡನ್ನಿನಲ್ಲಿ ನಿಮಗೆ ಖಾತೆ ಇದೆಯೇ?"

ಕುಬೇರಪ್ಪ ಬಾಯಿ ತೆರೆಯುವ ಮೊದಲೇ ಈರಬಸಪ್ಪ ಎದ್ದು ನಿಂತ. ಅಣ್ಣನ ಮೇಲೆ ಸರಕಾರಿ ಕೇಸು ಬಿದ್ದರೆ ಮನೆತನದ ಹೆಸರು ಹೋಗುತ್ತದೆ ಎಂಬ ಲೆಕ್ಕ ಅವನದು. ಅಣ್ಣನನ್ನು ಉಳಿಸಲು ಅವನಿಗೆ ಒಂದೇ ದಾರಿ ಕಂಡಿತು; ಅದು ಅವನಿಗೆ ಇಷ್ಟವಾದ ದಾರಿಯೂ ಆಗಿತ್ತು.

"ಸಾಹೇಬ್ರ, ಎಲ್ಲೀ ಖಾತೇರಿ! ನಮ್ಮಣ್ಣ ಸಣ್ಣಂವ ಇದ್ದಾಗಿಂದ ಹಿಂಗ. ಬಾಯಿ ಒಂದೀಟು ದೊಡ್ಡದು. ನವಲಗುಂದಕ್ಕ ಹೋಗಿ ಬಂದ್ರ ದಿಲ್ಲಿ ನೋಡಿ ಬಂದೆ ಅಂತಾನ."

"ಮತ್ತೆ ನೀವೆಲ್ಲ ಸೇರಿ ಸನ್ಮಾನ ಮಾಡಿದ್ದೀರಿ."

"ಕರದ್ರು, ಹೋದ್ವಿ. ಊಟ ಚಲೋ ಇತ್ತು."

ಅಧಿಕಾರಿ ಉಳಿದವರತ್ತ ತಿರುಗಿದರು. "ಖಾತೆಯ ಯಾವ ಗುರುತನ್ನಾದರೂ ಯಾರಾದರೂ ಕಣ್ಣಾರೆ ನೋಡಿದ್ದೀರಾ?"

"ಇಲ್ರಿ," ಎಂದ ಸದಸ್ಯ ಮಡಿವಾಳೆಪ್ಪ. ಕುಬೇರಪ್ಪ ಜೇಬಿನಲ್ಲಿಟ್ಟುಕೊಂಡು ಊರಿಗೆಲ್ಲ ತೋರಿಸುತ್ತಿದ್ದ ಲಂಡನ್ನಿನ ಚೆಕ್ ಬುಕ್ಕನ್ನು ಅವನು ಎರಡು ಸಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದ. "ಬರೇ ಬಡಾಯಿ ಅನ್ಕೊಂಡ್ವಿ." ಉಳಿದವರೂ ಹಾಗೆಯೇ ಹೇಳಿದರು.

ಅಧಿಕಾರಿ ವೆಂಕಣ್ಣ ಮಾಸ್ತರರನ್ನು ಕರೆಸಿದರು. "ಮಾನಪತ್ರ ಬರೆದವರು ನೀವು. ಖಾತೆ ತೆರೆದದ್ದು ನಿಜ ಎಂದೇ ಬರೆದಿದ್ದೀರಿ."

ಮಾಸ್ತರರು ಕನ್ನಡಕ ಒರೆಸಿಕೊಂಡರು. ಅವರ ಚಿಂತೆ ಪರಿಚಯ ಹೇಳಿದ ಮಗನದು. "ಅದು ಅಲಂಕಾರ ರೀ. ಮಾನಪತ್ರದಾಗಿನ ಮಾತೆಲ್ಲಾ ಖರೆ ಇರಬೇಕಂತ ಎಲ್ಲದ? ಅದರಾಗ ಇವರನ್ನ ದಾನಶೂರ ಅಂತನೂ ಬರದೀನಿ. ಅದಕ್ಕ ಎಲ್ಲಿಂದ ಸಾಕ್ಷಿ ತರ್ಲಿ?"

ಕೋಣೆಯಲ್ಲಿ ನಗೆ ಎದ್ದಿತು. ಅಧಿಕಾರಿಯೂ ನಕ್ಕರು. ಇಂಥ ಬಡಾಯಿಯ ಕಾಗದಗಳು ಅವರ ಕಚೇರಿಗೆ ಮೊದಲೂ ಬಂದಿದ್ದವು. ಅವರು ಪೆನ್ನಿನ ಟೊಪ್ಪಿ ಹಾಕಿದರು.

"ಸರಿ. ಹೆಬಸೂರ ಅವರೇ, ನೀವು ಏನು ಹೇಳುತ್ತೀರಿ? ಇದೆಲ್ಲ ಸುಮ್ಮನೆ ಹೇಳಿಕೊಂಡದ್ದು ಅಂತ ಬರೆದುಕೊಂಡು ಹೋಗಲೇ?"

ಹೌದ್ರಿ ಎಂದಿದ್ದರೆ ಅಧಿಕಾರಿ ಮಧ್ಯಾಹ್ನದ ಬಸ್ಸು ಹತ್ತುತ್ತಿದ್ದರು. ಕಿಟಕಿಯ ಹೊರಗೆ ಅರ್ಧ ಊರು ನಿಂತಿತ್ತು. ಅಲ್ಲಿಂದ ಯಾರೋ ಕೂಗಿದರು: "ಲಂಡನ್ ಸಾಹುಕಾರ್ರ, ವಿಮಾನದಾಗರ ಕುಂತಿದ್ರ್ಯೋ, ಅದೂ ಇಲ್ಲೋ?"

ಈರಬಸಪ್ಪ ಹಲ್ಲು ಕಿರಿದ. "ಹ್ಞೂಂ ಅನ್ನಣ್ಣ. ಒಂದ್ ಮಾತಿಗೆ ಮುಗೀತೈತಿ. ಬಡಾಯಿ ಕೊಚ್ಚಿದ್ದಕ್ಕ ಯಾವ ಕಾಯ್ದೆದಾಗೂ ಶಿಕ್ಷಾ ಇಲ್ಲ."

ಕುಬೇರಪ್ಪ ಎದ್ದ. ಕೋಟಿನ ಒಳಜೇಬಿನಿಂದ ಚೆಕ್ ಬುಕ್ ತೆಗೆದು ಮೇಜಿನ ಮೇಲೆ ಒಗೆದ.

"ಬಡಾಯಿ? ಯಾವನ್ಲೇ ಬಡಾಯಿ ಅನ್ನಾಂವ? ನೋಡ್ರಿ ಸಾಹೇಬ್ರ, ಹೆಸರು ಅಚ್ಚು ಹಾಕ್ಯಾರ. ಕೆ. ಬಿ. ಹೆಬಸೂರ! ಮೂವತ್ತೊಂದು ಪೌಂಡ್ ಐತಿ ಅದರಾಗ, ನಾ ಉಪವಾಸ ಇದ್ದು ಉಳಿಸಿದ್ದು!"

"ಉಪವಾಸ?" ಬಾಗಿಲಲ್ಲಿ ನಿಂತಿದ್ದ ಶಾರದವ್ವ ಕೇಳಿದಳು. "ಒಂದು ಟ್ರಂಕ್ ರೊಟ್ಟಿ ನಾಯಿ ತಿಂತೇನ್ರಿ?"

ಅಧಿಕಾರಿ ನಗಲಿಲ್ಲ. ಪೆನ್ನಿನ ಟೊಪ್ಪಿ ತೆಗೆದು ಮತ್ತೆ ಬರೆಯಲು ಕುಳಿತರು. ಹಣ ಎಲ್ಲಿಂದ ಬಂತು, ಪರವಾನಗಿ ಇತ್ತೇ ಎಂದು ಕೇಳಿದರು. ಎಲ್ಲಕ್ಕೂ ಕುಬೇರಪ್ಪ ಗಟ್ಟಿ ದನಿಯಲ್ಲಿ, ಕಿಟಕಿಯವರಿಗೂ ಕೇಳುವಂತೆ ಉತ್ತರ ಕೊಟ್ಟ. ಪರಿಚಯ ಹೇಳಿದವರು ಯಾರು ಎಂಬುದಕ್ಕೆ ಏಕನಾಥನ ಹೆಸರನ್ನು ಅವನ ತಂದೆಯ ಎದುರೇ ಹೇಳಿದ. ಅನಂತರ ಅಧಿಕಾರಿ ಸದಸ್ಯರತ್ತ ನೋಡಿ, ನೀವು ಈಗ ಹೇಳಿದ್ದನ್ನೂ ಬರೆದುಕೊಂಡಿದ್ದೇನೆ, ಸುಳ್ಳು ಸಾಕ್ಷಿಗೂ ಕಾನೂನಿದೆ ಎಂದರು. ಮಡಿವಾಳೆಪ್ಪ ಬೆವರು ಒರೆಸಿಕೊಂಡ.

ಅಧಿಕಾರಿ ಚೆಕ್ ಬುಕ್ಕನ್ನು ವಶಕ್ಕೆ ತೆಗೆದುಕೊಂಡು ಹೋದ ಮೇಲೆ ಈರಬಸಪ್ಪ ಹೇಳಿದ: "ಉಳಸಾಕ ಬಂದವರನ್ನ ಸುಳ್ಳಬುರಕರನ್ನ ಮಾಡಿದೆಲ್ಲಣ್ಣ."

"ನನ್ನ ಸುಳ್ಳಬುರಕ ಅಂದವ್ರು ಯಾರು ಮೊದಲ?"

"ಅಂದ್ರ ಏನಾತು? ಊರಿಗೆ ಗೊತ್ತಿದ್ದದ್ದ."

ಭಾನುವಾರ ಒಂಬತ್ತು ಸದಸ್ಯರು ಕೈ ಎತ್ತಿ ಅಧ್ಯಕ್ಷರನ್ನು ಆರಿಸಿದರು. ಕುಬೇರಪ್ಪನ ಪರವಾಗಿ ಮೇಲೆದ್ದದ್ದು ಅವನ ಕೈ ಮಾತ್ರ. ಈರಬಸಪ್ಪ ಅಧ್ಯಕ್ಷನಾದ.

ಮುಂದಿನ ವಾರ ಕುಬೇರಪ್ಪ ಬೆಂಗಳೂರಿಗೆ ಹೋಗಿ, ಖಾತೆ ಮುಚ್ಚಿ ಹಣ ತರಿಸುವುದಾಗಿ ಬರೆದುಕೊಟ್ಟ. ಖಾತೆಯಲ್ಲಿದ್ದ ಹಣದ ಮೂರು ಪಟ್ಟು ದಂಡ ಬಿತ್ತು. ಫೆಬ್ರವರಿಯಲ್ಲಿ ಹತ್ತಿ ಮಾರಿ ಅದನ್ನು ಕಟ್ಟಿದ.