ಕಾವಲುಕೋಣೆಯ ಮುದ್ರೆ

“ಇನ್ನೊಂದು ಇಟ್ಟಿಗೆ ಕೊಡ್ರಪ್ಪಾ,” ಎಂದು ಗೋರಿಯೊಳಗೆ ನಿಂತಿದ್ದ ಸಾತ್ತಿ ಕೈ ಚಾಚಿದ. ಅಣ್ಣ ದಹಬ್‌ನನ್ನು ಮಲಗಿಸಿದ್ದ ಗೂಡನ್ನು ಅವನು ಹಸಿ ಇಟ್ಟಿಗೆಯಿಂದ ಮುಚ್ಚುತ್ತಿದ್ದ.

“ಸಂದು ಬಿಡಬೇಡವೋ. ನಿಮ್ಮಣ್ಣ ಎದ್ದು ಬಂದು ಬೈತಾನೆ,” ಎಂದ ಅಂಬಿಗ ಹಸಬಲ್ಲಾ. ಒಂದಿಬ್ಬರು ನಕ್ಕರು.

ಇಟ್ಟಿಗೆ ದಾಟಿಸುತ್ತಿದ್ದ ಸಾಲಿನಲ್ಲಿದ್ದ ಪುರಾತತ್ವ ಅಧಿಕಾರಿ ತಾಜಸ್ಸಿರ್ ನಗಲಿಲ್ಲ. ಸಾವಿನ ಸುದ್ದಿ ಕೇಳಿದೊಡನೆ ಅವನು ದೊಂಗೊಲಾ ನಗರದಿಂದ ಹೊರಟುಬಂದದ್ದು ಒಂದು ಮಾತು ಹೇಳುವುದಕ್ಕೆ. ದಾರಿಯುದ್ದಕ್ಕೂ ಅದನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದ.

*

ಹನ್ನೆರಡು ವರ್ಷದ ಹಿಂದೆ ಊರಾಚೆ, ನೈಲ್ ದಂಡೆಯ ಹಳೇ ಪಟ್ಟಣದ ಕೋಟೆಗೋಡೆ ಅಗೆಯುವಾಗ ದಹಬ್ ಮೇಸ್ತ್ರಿಯಾಗಿದ್ದ. ಮಣ್ಣಿನೊಳಗೆ ಹೂತ ಮಣ್ಣಿನ ಗೋಡೆ ಓದಿದವರ ಕಣ್ಣಿಗೂ ಕಾಣುವುದಿಲ್ಲ. ಅವನು ಕರಣೆಯಿಂದ ಕೆರೆದು, ಸದ್ದು ಕೇಳಿ ತಾಜಸ್ಸಿರ್‌ಗೆ ಹೇಳುತ್ತಿದ್ದ.

“ಸಾಹೇಬ್ರೆ, ಗೋಡೆ ಇಲ್ಲಿ ಹೊರಳ್ತದೆ. ಬಾಗಿಲು ಇಲ್ಲೇ ಇರ್ಬೇಕು.”

ಮೂರನೇ ದಿನ ಬಾಗಿಲು ಸಿಕ್ಕಿತು. ಪಕ್ಕದಲ್ಲಿ ಕಾವಲುಗಾರರ ಕೋಣೆ. ಅದರ ನೆಲದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕ ಜೇಡಿಮಣ್ಣಿನ ಮುದ್ರೆ. ಸಂಜೆಗೆ ಮುದ್ರೆ ಇರಲಿಲ್ಲ. ಅದನ್ನು ಎತ್ತಿ ತೋರಿಸಿದವನು ದಹಬ್. ಅವನ ಮನೆ ಜಾಲಾಡಿದರು, ಹೆಂಡತಿಯ ಹಿಟ್ಟಿನ ಮಡಕೆಯನ್ನೂ ನೆಲಕ್ಕೆ ಸುರಿದರು. ಏನೂ ಸಿಗದಿದ್ದರೂ ಕೆಲಸದಿಂದ ತೆಗೆದರು. ಆಮೇಲೆ ಅವನು ಊರವರ ಮನೆಗೋಡೆಗಳಿಗೆ ಮಣ್ಣು ಮೆತ್ತಿ ಬದುಕಿದ.

ಮರುವರ್ಷ ತಾಜಸ್ಸಿರ್ ತನ್ನ ಅಳತೆಪಟ್ಟಿಯ ಚೀಲ ಕೊಡವಿದಾಗ ಹತ್ತಿಯಲ್ಲಿ ಸುತ್ತಿದ ಮುದ್ರೆ ಬಿತ್ತು. ಸುತ್ತಿದವನು ತಾನೇ, ಮರೆತವನೂ ತಾನೇ. ಆ ವಾರವೇ ಬಡ್ತಿಯ ಕಾಗದ ಬಂದಿತ್ತು. ಹೊಸದಾಗಿ ಸಿಕ್ಕಿದ್ದೆಂದು ಬರೆದು ಕಪಾಟಿನಲ್ಲಿಟ್ಟುಬಿಟ್ಟ.

*

ಗೋರಿ ಮುಚ್ಚಿದ ಮೇಲೆ ಸಾತ್ತಿ ಜನರ ಕಡೆ ತಿರುಗಿದ. “ನಮ್ಮಣ್ಣನಿಂದ ಯಾರಿಗಾದ್ರೂ ತಪ್ಪಾಗಿದ್ರೆ ಇಲ್ಲೇ ಮನ್ನಿಸಿಬಿಡಿ.”

“ಮನ್ನಿಸಿದ್ದೀವಿ,” ಎಂದರು ಎಲ್ಲರೂ.

ಸಾತ್ತಿ ತಾಜಸ್ಸಿರ್‌ನ ಎದುರು ಬಂದು ನಿಂತ. “ಸಾಹೇಬ್ರೆ, ಆ ಮುದ್ರೆ ವಿಷಯ... ನಾ ತೆಗೆದಿಲ್ಲ ಅಂತ ಸಾಯೋವರೆಗೂ ಹೇಳ್ತಿದ್ದ. ಒಡಹುಟ್ಟಿದ ನಾನೇ ನಂಬಲಿಲ್ಲ. ನೀವೂ ಮನ್ನಿಸಿದೀನಿ ಅಂದ್ಬಿಡಿ. ಹಗುರಾಗಿ ಹೋಗ್ಲಿ.”

ಊರೆಲ್ಲ ಅವನ ಬಾಯನ್ನೇ ನೋಡುತ್ತಿತ್ತು. ತಾಜಸ್ಸಿರ್‌ನ ಕಿವಿ ಬಿಸಿಯಾಯಿತು.

“ಮನ್ನಿಸಿದ್ದೇನೆ,” ಎಂದ.

ಸಾತ್ತಿ ಬಿಕ್ಕಿ ಬಿಕ್ಕಿ ಅತ್ತ. ತಗ್ಗಿಸಿದ ಕಣ್ಣಿಗೆ ಅಧಿಕಾರಿಯ ಬೂಟುಗಳಿಗೆ ಮೆತ್ತಿದ್ದ ಮಣ್ಣು ಕಂಡಿತು. ಅಲ್ಲೇ ಕುಕ್ಕರಗಾಲಲ್ಲಿ ಕೂತು ಮುಂಡಾಸಿನ ತುದಿಯಿಂದ ಒರೆಸತೊಡಗಿದ. ಒಂದು ಬೂಟು ಆದ ಮೇಲೆ ತಾಜಸ್ಸಿರ್ ಇನ್ನೊಂದು ಕಾಲನ್ನು ಮುಂದಿಟ್ಟ.