ಗೋಡೆಯೊಳಗಿನ ಮೂರನೇ ಭಾಗ

ನಮ್ಮ ಮನೆಯಲ್ಲಿ ದಪ್ಪ ಪುಸ್ತಕವನ್ನು ಓದುವ ಮೊದಲು ಕೊಯ್ಯುತ್ತೇವೆ. ರಜೆಗೆಂದು ಕೊಂಡ ಪುಸ್ತಕ ಒಂದು, ಓದುವವರು ಮೂವರು, ಕಾಯುವ ತಾಳ್ಮೆ ಒಬ್ಬರಿಗೂ ಇಲ್ಲ. ಮದುವೆಯಾದ ವರ್ಷ ಮಾವ ಬ್ರೆಡ್ ಚಾಕು ಹಿಡಿದು ಹೊಸ ಕಾದಂಬರಿಯೊಂದನ್ನು ನನ್ನ ಕಣ್ಣೆದುರೇ ಮೂರು ಹೋಳು ಮಾಡಿದಾಗ ನಾನು ಬಚ್ಚಲಿಗೆ ಹೋಗಿ ಅತ್ತಿದ್ದೆ. ಈಗ ಚಾಕುವನ್ನು ನಾನೇ ಮಸೆದು ಕೊಡುತ್ತೇನೆ. ರಟ್ಟು ಕಿತ್ತೆಸೆದು, ಒಂದೊಂದು ಹೋಳಿಗೂ ಒಂದು ರಬ್ಬರ್ ಬ್ಯಾಂಡ್ ಹಾಕುತ್ತೇವೆ. ವೇಗವಾಗಿ ಓದುವ ನಾನು ಮೊದಲು, ನನ್ನ ಹಿಂದೆ ಮಾವ, ಅವರ ಹಿಂದೆ ಎರಡು ಪುಟಕ್ಕೊಮ್ಮೆ ಆಕಳಿಸುವ ನನ್ನ ಗಂಡ.

ಈ ಸಲದ ರಜೆಗೆ ಒಂಬೈನೂರು ಪುಟದ ಕೊಲೆಯ ಕಾದಂಬರಿ ತಂದಿದ್ದೆವು. ಅದೇ ವಾರ ಬಚ್ಚಲಮನೆಯ ಗೋಡೆ ಒಡೆಸಿ ಹೊಸ ಟೈಲ್ಸ್ ಹಾಕಿಸುವ ಕೆಲಸವೂ ಶುರುವಾಯಿತು. ಅದೇ ವಾರ ಮಾವನ ಬಲಗಣ್ಣಿಗೆ ಆಪರೇಷನ್ ದಿನವೂ ನಿಗದಿಯಾಯಿತು: ಮುಂದಿನ ಸೋಮವಾರ. ಎಡಗಣ್ಣು ಎಂದೋ ಹೆಸರಿಗೆ ಮಾತ್ರ ಉಳಿದಿತ್ತು. ಒಂದು ತಿಂಗಳು ಪುಸ್ತಕ ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದರು. ತಿಂಗಳ ನಂತರ ಎಷ್ಟು ಕಾಣುತ್ತದೆ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

"ಸೋಮವಾರದೊಳಗೆ ಕೊಲೆಗಾರ ನನ್ನ ಕೈಗೆ ಸಿಗಬೇಕು," ಎಂದರು ಮಾವ. ಮೂವತ್ತು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವರು. ಟಿಕೆಟ್ ಇಲ್ಲದವನ ಮುಖವನ್ನು ಹಿಂದಿನ ಬಾಗಿಲಿನಿಂದಲೇ ಓದುತ್ತಿದ್ದರಂತೆ.

ನಾನು ಬಚ್ಚಲ ಬಾಗಿಲಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತು, ಒಂದು ಕಣ್ಣನ್ನು ಕಾದಂಬರಿಯ ಮೇಲೂ ಇನ್ನೊಂದನ್ನು ಮೇಸ್ತ್ರಿಯ ಮೇಲೂ ಇಟ್ಟಿದ್ದೆ. ಮೇಸ್ತ್ರಿಗೆ ಇದು ಹಿಡಿಸುತ್ತಿರಲಿಲ್ಲ.

"ಅಕ್ಕಾ, ನೀವು ಹಿಂಗೆ ನೋಡ್ತಿದ್ರೆ ಟೈಲ್ಸೂ ಹೆದರ್ಕೊಂಡು ಸೊಟ್ಟ ಕೂರುತ್ತೆ."

"ಸೊಟ್ಟ ಕೂತಿದೆ ಅಂತಾನೇ ನೋಡ್ತಿರೋದು. ಪೈಪ್ ಸೋರಲ್ವಾ?"

"ಸೋರಲ್ಲ."

"ನೀರು ಹೋಗೋವಾಗ ಗುಳುಗುಳು ಅನ್ನುತ್ತಲ್ಲ?"

"ಒಳಗೆ ಒಂದಿಷ್ಟು ರದ್ದಿ ಪೇಪರ್ ತುರುಕೋಣ, ಬಿಡಿ."

ಮೂಲೆಯ ಪೈಪುಗಳು ಕಾಣದಂತೆ ಅವನು ಇಟ್ಟಿಗೆಯ ಒಂದು ಗೂಡು ಕಟ್ಟುತ್ತಿದ್ದ. ಬುಧವಾರ ಮಧ್ಯಾಹ್ನ ಅದರ ಬಾಯಿ ಮುಚ್ಚುವುದೊಂದು ಬಾಕಿ. ಕೊನೆಯ ಹೋಳಿನಲ್ಲಿ ನನಗೆ ಹತ್ತು ಪುಟ ಉಳಿದಿದ್ದವು. ಯಾರೋ ಗಂಟೆ ಒತ್ತಿದರು. ಮನೆಯಲ್ಲೆಲ್ಲ ಬೆರಳು ದಪ್ಪ ಧೂಳು. ಗೂಡಿನೊಳಗೆ ಆಗಷ್ಟೇ ಒರೆಸಿದ್ದ ಪೈಪಿನ ಮೇಲೆ ಹೋಳನ್ನಿಟ್ಟು ಬಾಗಿಲಿಗೆ ಹೋದೆ. ಬಂದವರು ತಪ್ಪು ವಿಳಾಸದವರು. ಅವರಿಗೆ ದಾರಿ ಹೇಳಿ, ಆ ದಾರಿಯಲ್ಲೇ ಹೋದರೇ ಎಂದು ಕಿಟಕಿಯಲ್ಲಿ ನಿಂತು ನೋಡಿ, ಹಿಂದಿರುಗುವಾಗ ಮೇಸ್ತ್ರಿ ಕೂಗಿದ: "ಅಕ್ಕಾ, ಮುಚ್ಚಿಬಿಡ್ಲಾ?"

"ಮುಚ್ಚಿ," ಎಂದೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರು ಸಲ ನೋಡುವ ನಾನು, ಒಮ್ಮೆಯೂ ನೋಡದೆ ಎಂದೆ.

ಗುರುವಾರ ಮಾವ ಎರಡನೇ ಹೋಳು ಮುಗಿಸಿ ಕೈ ಚಾಚಿದರು. ಇನ್ನೂ ಸ್ವಲ್ಪ ಇದೆ ಎಂದು ಹೇಳಿ, ಹಿಂದಿನ ಸಂಜೆಯಿಂದ ಕಾಣದ ಕೊನೆಯ ಹೋಳನ್ನು ಮಂಚದ ಕೆಳಗೆ, ಅಕ್ಕಿ ಡಬ್ಬಿಯಲ್ಲಿ, ಗಂಡನ ಆಫೀಸ್ ಚೀಲದಲ್ಲಿ ಹುಡುಕಿದೆ. ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುತ್ತ ಮೂಲೆಯ ಗೂಡನ್ನು ನೋಡಿದೆ. ಮಟ್ಟಸವಾಗಿತ್ತು, ನುಣ್ಣಗಿತ್ತು. ಬಾಯಲ್ಲಿದ್ದ ನೊರೆ ನುಂಗಿಬಿಟ್ಟೆ.

ಒಡೆಸುವುದೆಂದರೆ ಮೇಸ್ತ್ರಿಗೆ ಹೇಳಬೇಕು. ವಾರವಿಡೀ ಅವನ ಪ್ರತಿಯೊಂದು ಟೈಲ್ಸಿಗೂ ಕೊಂಕು ತೆಗೆದ ಬಾಯಿಂದ ಹೇಳಬೇಕು. ಅದಕ್ಕಿಂತ ಸುಳ್ಳು ಸುಲಭವೆನಿಸಿತು.

"ಮಾವ, ಯಾಕೆ ಕಣ್ಣಿಗೆ ಆಯಾಸ? ನಾನೇ ಕಥೆ ಹೇಳಿಬಿಡ್ತೀನಿ."

ಅವರು ಕನ್ನಡಕ ತೆಗೆದು ಕೂತರು. ನಾನು ಅಡುಗೆಯವಳನ್ನು ಕೊಲೆಗಾತಿ ಮಾಡಿದೆ. ವಿಷ ಎಲ್ಲಿತ್ತು, ಕೀಲಿ ಹೇಗೆ ಸಿಕ್ಕಿತು, ಎಲ್ಲವನ್ನೂ ಹೊಂದಿಸಿದೆ. ಕೊನೆಗೆ ಅವಳು ಅತ್ತು ಎಲ್ಲರ ಕ್ಷಮೆ ಕೇಳಿದಳು.

ಮಾವ ನನ್ನ ಮುಖವನ್ನೇ ನೋಡುತ್ತಿದ್ದರು.

"ಟಿಕೆಟ್ ತೋರಿಸಮ್ಮ," ಎಂದರು.

"ಏನು ಮಾವ?"

"ಆರು ನೂರು ಪುಟದಲ್ಲಿ ನಾಲ್ಕು ಹೆಣ ಉರುಳಿಸಿದ ಲೇಖಕ ಪುಣ್ಯಾತ್ಮ ಕೊನೆಗೆ ಕ್ಷಮೆ ಕೇಳಿಸ್ತಾನಾ? ಅದು ನಿನ್ನ ಬುದ್ಧಿ. ನೀನು ಮೇಜಿಗೆ ಕಾಲು ತಗುಲಿಸ್ಕೊಂಡ್ರೂ ಮೇಜಿನ ಕ್ಷಮೆ ಕೇಳೋಳು. ಪುಸ್ತಕ ಎಲ್ಲಿ?"

ಹೇಳಿದೆ. ಮಾವ ನಗುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡು, ಎರಡನೇ ಹೋಳಿನ ಕೊನೆಯ ಪುಟವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು, ಓದಿದ್ದನ್ನೇ ಇನ್ನೊಮ್ಮೆ ಓದತೊಡಗಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಶನಿವಾರ ಮೇಸ್ತ್ರಿ ಚಪ್ಪಲಿ ಬಿಡುವ ಮೊದಲೇ ತಪ್ಪೊಪ್ಪಿಕೊಂಡೆ.

"ಅದು ಪುಸ್ತಕವಾ?" ಅವನು ಬಾಯಿ ತೆರೆದು ನಿಂತ. "ರಟ್ಟಿಲ್ಲ, ಹೆಸರಿಲ್ಲ, ರಬ್ಬರ್ ಬ್ಯಾಂಡ್ ಹಾಕಿದ ಕಂತೆ. ಸದ್ದು ಬರಬಾರ್ದು ಅಂತ ನೀವೇ ರದ್ದಿ ಇಟ್ಟಿದ್ದೀರಿ ಅಂದ್ಕೊಂಡೆ. ಇನ್ನೂ ಚೆನ್ನಾಗಿ ಕೂರ್ಲಿ ಅಂತ ಕರಣೆ ಹಿಡಿಯಿಂದ ನಾಲ್ಕು ಗುದ್ದು ಬೇರೆ ಕೊಟ್ಟೆ."

"ಒಡೀರಿ."

"ಅಕ್ಕಾ, ಈ ಮನೇಲಿ ನೀವು ಸರಿ ಇದೆ ಅಂತ ಒಪ್ಪಿದ್ದು ಅದೊಂದೇ ಮೂಲೆ."

"ಒಡೀರಿ ಮಾರಾಯರೆ!"

ಅವನು ಉಳಿ ಎತ್ತಿಕೊಂಡ. ಮಾವ ಬಂದು ನನ್ನ ಬಕೆಟ್ಟಿನ ಮೇಲೆ ಕೂತರು. ಮೂರನೇ ಟೈಲ್ಸ್ ಬಿದ್ದೊಡನೆ ಒಳಗಿಂದ ತಣ್ಣನೆಯ ಗಾಳಿ ಬಂತು. ಮೇಸ್ತ್ರಿ ಕೈ ಹಾಕಿ ಕಂತೆಯನ್ನು ಎಳೆದ. ಅದರ ಕೆಳಭಾಗದಿಂದ ನೀರು ತೊಟ್ಟಿಕ್ಕುತ್ತಿತ್ತು.

ಪೈಪಿನ ಸಂದಿ ಜಿನುಗುತ್ತಿತ್ತು.

ನಾನು ಮೇಸ್ತ್ರಿಯನ್ನು ನೋಡಿದೆ. ಮೇಸ್ತ್ರಿ ಚಾವಣಿಯನ್ನು ನೋಡಿದ. "ಏನೂ ಹೇಳಬೇಡಿ ಅಕ್ಕಾ," ಎಂದ. ನಾನು ಏನೂ ಹೇಳಲಿಲ್ಲ. ಹನ್ನೆರಡು ವರ್ಷದ ದಾಂಪತ್ಯದಲ್ಲಿ ಇಂಥ ಸುಖ ನನಗೆ ಸಿಕ್ಕಿರಲಿಲ್ಲ.

ಮೇಲಿನ ಪುಟಗಳ ಅಂಚು ಮಾತ್ರ ಒದ್ದೆಯಾಗಿತ್ತು, ಕೊನೆಯವು ಪೈಪಿಗೆ ಆತು ಮುದ್ದೆಯಾಗುತ್ತ ಬಂದಿದ್ದವು. ಮಾವ ಶನಿವಾರವಿಡೀ ಓದಿದರು, ಭಾನುವಾರವೂ ಓದಿದರು. ಊಟದ ತಟ್ಟೆ ಅವರಿದ್ದಲ್ಲಿಗೇ ಹೋಯಿತು. ಕೊನೆಯ ಹತ್ತು ಪುಟಗಳನ್ನು ಬೆಣ್ಣೆ ಸವರುವ ಚಾಕುವಿನಿಂದ ಒಂದೊಂದಾಗಿ ಬಿಡಿಸಿ ಓದಿದರು. ಓದಿ ತಿರುವಿದೊಡನೆ ಪುಟ ಅವರ ಬೆರಳಲ್ಲೇ ಕರಗಿ ಬಕೆಟ್ಟಿಗೆ ಬೀಳುತ್ತಿತ್ತು. ಹಿಂದಿನಿಂದ ಇಣುಕಲು ಹೋದೆ. ಮೊಣಕೈ ಅಡ್ಡ ಬಂತು.

ಸಂಜೆ ನಾಲ್ಕಕ್ಕೆ ಚಾಕು ಕೆಳಗಿಟ್ಟು ಒಂದೇ ಮಾತು ಹೇಳಿದರು: "ಅಬ್ಬಾ, ಕಳ್ಳ."

"ಯಾರು ಮಾವ?"

"ಆಪರೇಷನ್ ಆಗ್ಲಿ, ಹೇಳ್ತೀನಿ."

"ಅಪ್ಪಾ, ನಾನಿನ್ನೂ ಮೊದಲನೇ ಭಾಗದಲ್ಲಿದ್ದೀನಿ. ನನ್ನೆದುರು ಹೇಳ್ಬೇಡಿ," ಎಂದ ನನ್ನ ಗಂಡ.

"ನೀನು ಮುಗಿಸೋ ಹೊತ್ತಿಗೆ ಕೊಲೆಗಾರ ಜೈಲು ಮುಗಿಸಿ ಪಿಂಚಣಿ ತಗೋತಿರ್ತಾನೆ, ಹೋಗೋ."

ಸೋಮವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವರಿಗೆ ಹಸಿರು ಅಂಗಿ ತೊಡಿಸಿದರು. ಅದರ ಹಿಂದಿನ ದಾರವನ್ನು ನಾನು ಕಟ್ಟಿ, ಬಿಗಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿದೆ.

"ಈಗಲಾದ್ರೂ ಹೇಳಿ ಮಾವ."

"ಹೇಳಿಬಿಟ್ರೆ ನೀನು ಇಲ್ಲಿ ಕಾಯ್ತೀಯಾ? ಮನೆಗೆ ಓಡಿ ಮೇಸ್ತ್ರಿ ಹಿಂದೆ ನಿಂತ್ಕೋತೀಯ." ನಗುತ್ತಲೇ ಹೇಳಿದರು. ಆದರೆ ಕೈ ನನ್ನ ಮಣಿಕಟ್ಟನ್ನು ಬಿಡಲಿಲ್ಲ. ನರ್ಸ್ ಬಂದು ಬಿಡಿಸಿಕೊಂಡು ಒಳಗೆ ಕರೆದೊಯ್ದಳು.

ಅರ್ಧ ಗಂಟೆಯಾಗಿರಬಹುದು. ಬಾಗಿಲು ತೆರೆದು ಅದೇ ನರ್ಸ್ ತಲೆ ಹೊರಹಾಕಿದಳು.

"ಸೊಸೆ ಯಾರಮ್ಮಾ ಇಲ್ಲಿ?"

ನಾನು ಎದ್ದು ನಿಂತೆ.

"ಅಡುಗೆಯವಳಂತೂ ಅಲ್ಲ ಅಂತ ನಿಮಗೆ ಹೇಳ್ಬೇಕಂತೆ. ಹೇಳೋವರೆಗೂ ಕಣ್ಣು ಬಿಡಲ್ಲ ಅಂತ ಕೂತಿದ್ದಾರೆ. ಏನಮ್ಮಾ ಇದು?"

"ಇನ್ನೇನಾದ್ರೂ ಹೇಳಿದ್ರಾ?"

"ಮಿಕ್ಕಿದ್ದು ಹೊರಗೆ ಬಂದ ಮೇಲಂತೆ." ಬಾಗಿಲು ಮುಚ್ಚಿತು.

"ಹಾಗಾದ್ರೆ ವಕೀಲ," ಎಂದ ನನ್ನ ಗಂಡ, ಕಣ್ಣು ಒರೆಸಿಕೊಳ್ಳುತ್ತ.

"ನಿಮಗೇನು ಗೊತ್ತು, ಸುಮ್ನಿರಿ."

ವಕೀಲನನ್ನು ಸೇರಿಸಿ ಇನ್ನೂ ಐದು ಜನರ ಮೇಲೆ ಅನುಮಾನವಿತ್ತು. ನಾನು ಕುರ್ಚಿಯನ್ನು ಬಾಗಿಲಿನ ಹತ್ತಿರಕ್ಕೆ ಎಳೆದುಕೊಂಡು ಕೂತೆ.