ಧಾರೆ ಮಂಟಪದಲ್ಲಿ ತೊಂಬತ್ತೊಂಬತ್ತು

ಅರವತ್ತೆರಡು. ನಿನ್ನೆ ಸಂಜೆಯೂ ಅರವತ್ತೆರಡು, ಈವತ್ತು ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಂದು ನೋಡಿದರೂ ಅರವತ್ತೆರಡು. ರಘುನಂದನನಿಗೆ ಆ ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋಗಿ ಕಲಗಚ್ಚಿನ ಬಾನಿಗೆ ಅದ್ದಿಬಿಡುವಷ್ಟು ಸಿಟ್ಟು ಬಂತು.

"ಇದರವ್ವನ್..." ಎಂದು ಶುರುಮಾಡಿದವನನ್ನು ತಂಗಿ ತನುಶ್ರೀ ಕಣ್ಣಲ್ಲೇ ತಡೆದಳು. ಅವಳ ಕಿವಿಗೆ ಫೋನು ಅಂಟಿತ್ತು. ಫೋನಿನಾಚೆ ಕಂಪನಿಯ ರಾಹುಲ್.

ತನುಶ್ರೀಗೆ ಮನೆಯಲ್ಲೇ ಕೂತು ಮಾಡುವ ಕೆಲಸವೊಂದು ಸಿಕ್ಕಿತ್ತು. ಆಸ್ಪತ್ರೆಗಳ ಚೀಟಿ ನೋಡಿ ಟೈಪ್ ಮಾಡುವುದು. ಕಾಯಿಲೆಯವರ ಗುಟ್ಟು ಹೊರಗೆ ಹೋಗಬಾರದಲ್ಲ, ಅದಕ್ಕೆ ಕಂಪನಿ ಕಳಿಸಿದ ಲ್ಯಾಪ್‌ಟಾಪಿನ ಡಿಸ್ಕಿಗೆ ಮೊದಲು ಬೀಗ ಜಡಿಯಬೇಕು. ಯಾರಾದರೂ ಕದ್ದೊಯ್ದರೂ ಒಳಗಿನ ಒಂದಕ್ಷರ ಓದಲಾಗದ ಹಾಗೆ. ಎನ್‌ಕ್ರಿಪ್ಷನ್ ಅಂತ ಅದರ ಹೆಸರು. ಅದೇ ಈಗ ನೂರಕ್ಕೆ ಅರವತ್ತೆರಡರಲ್ಲಿ ನಿಂತಿತ್ತು. ಅದು ನೂರಕ್ಕೆ ನೂರು ಮುಗಿದಿದೆ ಅಂತ ಈ ಮಧ್ಯಾಹ್ನ ಹನ್ನೆರಡರೊಳಗೆ ಫೋಟೋ ಹೋಗಬೇಕು. ಹೋಗದಿದ್ದರೆ ಕೆಲಸ ಇನ್ನೊಬ್ಬರ ಪಾಲು. ಕೆಲಸ ಹೋದರೆ ಅವ್ವ ಅದುಮಿಟ್ಟುಕೊಂಡಿರುವ "ಗಂಡು ನೋಡ್ಬುಡಾನ" ಅನ್ನುವ ಮಾತು ಮತ್ತೆ ಎದ್ದು ಕೂರುತ್ತದೆ.

"ರೀಸ್ಟಾರ್ಟ್ ಮಾಡಿ ನೋಡಿದ್ರಾ ಮೇಡಂ?"

"ಸಾಕಾಗೋ ಅಷ್ಟು ಮಾಡಿದೀನಿ ಸರ್."

"ಪೆನ್‌ಡ್ರೈವ್ ಏನಾದ್ರೂ ಸಿಕ್ಕಿಸಿದೀರಾ?"

"ಇಲ್ಲ ಸರ್."

"ಹಂಗಾದ್ರೆ ಕೆಳಗೆ ಮೂಲೇಲಿ ಬ್ಯಾಟರಿ ಚಿತ್ರ ಇದೆಯಲ್ಲ, ಅದರ ಮೇಲೆ ಪ್ಲಗ್ಗಿನ ಗುರುತು ಇದೆಯಾ ನೋಡಿ."

ತನುಶ್ರೀ ಬಗ್ಗಿ ನೋಡಿದಳು. "ಬರುತ್ತೆ... ಹೋಗುತ್ತೆ... ಮತ್ತೆ ಬರುತ್ತೆ ಸರ್."

"ಸಿಕ್ತು ನೋಡಿ! ಚಾರ್ಜ್ ನೆಟ್ಟಗೆ ಬರದಿದ್ರೆ ಅದು ಇದ್ದಲ್ಲೇ ನಿಂತುಬಿಡುತ್ತೆ. ಒಳ್ಳೆ ಕರೆಂಟ್ ಇರೋ ಕಡೆ ಹಾಕಿ. ಮತ್ತೆ ಮುಚ್ಚಳ ಮಾತ್ರ ಮುಚ್ಚಬೇಡಿ, ಮುಚ್ಚಿದ್ರೆ ನಿದ್ದೆ ಹೋಗುತ್ತೆ."

ರಘು ತಲೆಯೆತ್ತಿ ಬಲ್ಬು ನೋಡಿದ. ಊರಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಗುಂಯ್‌ಗುಡುತ್ತಿದ್ದವು. ಬಲ್ಬು ಕಿತ್ತಳೆ ಹಣ್ಣಿನಂತೆ ಸುಮ್ಮನೆ ನೇತಾಡುತ್ತಿತ್ತು.

"ಒಳ್ಳೆ ಕರೆಂಟಂತೆ! ಎಲ್ಲಿಂದ ತರಾನ? ಅವನ ಮನೆಯಿಂದ ಬಿಂದಿಗೇಲಿ ಒತ್ಕಬರಾನಾ?"

ಅಷ್ಟರಲ್ಲಿ ಅವ್ವ ಪ್ರಮೀಳಾ ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡೇ ಹೊರಗೆ ಬಂದಳು. "ಕರೆಂಟು ಗಿರೆಂಟು ಆಮೇಕ್ ನೋಡ್ಕಳಿ. ಹೊನ್ನಪ್ಪಣ್ಣನ ಮಗಳ ಮೂರ್ತ ಮೀರೋಯ್ತದೆ, ಗಾಡಿ ತೆಗೀಲಾ. ಪ್ಯಾಟೆ ಛತ್ರ ತಲುಪೋದ್ ಯಾವಾಗ?"

ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು. ಛತ್ರ. ಛತ್ರದಲ್ಲಿ ಜನರೇಟರು!

ರಘುನ ಗೂಡ್ಸ್ ಆಟೋ ಸಂತೆಬಾಚಹಳ್ಳಿಯಿಂದ ಕೆ.ಆರ್. ಪೇಟೆಗೆ ಆವತ್ತು ಓಡಿದ ಹಾಗೆ ಹಿಂದೆಂದೂ ಓಡಿರಲಿಲ್ಲ. ತನುಶ್ರೀ ಲ್ಯಾಪ್‌ಟಾಪನ್ನು ತೆರೆದೇ ತೊಡೆಯ ಮೇಲಿಟ್ಟುಕೊಂಡು, ಹಳ್ಳ ಬಂದಾಗಲೆಲ್ಲ ಕೂಸಿನಂತೆ ಎದೆಗವುಚಿಕೊಂಡಳು.

ಛತ್ರದಲ್ಲಿ ಪ್ಲಗ್ಗಿಗೆ ಬರ. ಅಡುಗೆಮನೆಯ ಪ್ಲಗ್ಗು ರುಬ್ಬುವ ಯಂತ್ರಕ್ಕೆ, ಊಟದ ಮನೆಯದು ಫ್ಯಾನುಗಳಿಗೆ. ಉಳಿದದ್ದು ಒಂದೇ, ಮಂಟಪದ ಮೇಲೆ ಹೆಣ್ಣು ಗಂಡಿನ ಬೆನ್ನ ಹಿಂದಿನ ಉದ್ದ ವೈರಿನ ಪ್ಲಗ್ ಬಾಕ್ಸು. ಅದರಲ್ಲೊಂದು ಲೈಟಿನ ನವಿಲು ಗರಿ ಬಿಚ್ಚಿ ಮಿಣಮಿಣ ಅನ್ನುತ್ತಿತ್ತು. ರಘು ಹಿಂದುಮುಂದು ನೋಡದೆ ನವಿಲಿನ ಪಿನ್ನು ಕಿತ್ತ.

"ಅಣ್ಣೋ, ನನ್ನ ನವಿಲು!" ಎಂದು ಲೈಟಿನವನು ಓಡಿಬಂದ.

"ಮಲೀಕಳ್ಳಿ ಬುಡ್ಲಾ. ಬೆಳಿಗ್ಗೆಯಿಂದ ಕುಣಿದು ಅದ್ಕೂ ಸುಸ್ತಾಗದೆ."

ಕುರ್ಚಿಯ ಮೇಲಿಟ್ಟ ಲ್ಯಾಪ್‌ಟಾಪಿನಲ್ಲಿ ಪ್ಲಗ್ಗಿನ ಗುರುತು ಬಂತು, ನಿಂತಿತು. ಅರವತ್ಮೂರು! ತನುಶ್ರೀ ಕಿಟಾರನೆ ಕಿರುಚಿ ಅಣ್ಣನ ಭುಜ ಗುದ್ದಿದಳು. ಅರವತ್ನಾಲ್ಕು!

"ಏನ್ಲಾ ಅದು, ಮಂಟಪದ್ ಮ್ಯಾಲೆ?" ಕೆಂಪಣ್ಣ ಕೇಳಿದ. ಹೊನ್ನಪ್ಪನ ಅಣ್ಣ, ಹೆಗಲ ಮೇಲೆ ಸದಾ ದಪ್ಪ ಟವೆಲ್ಲಿನ ಹಿರಿಯ.

"ನಿಂತೋಗಿತ್ತು ದೊಡ್ಡಪ್ಪ. ಈಗ ಓಡ್ತಾ ಐತೆ."

"ಓ! ಟೀವೀಲಿ ಬತ್ತದಲ್ಲ ಅಂಗೆ, ಮದ್ವೆ ನೇರವಾಗಿ ಓಯ್ತಾ ಐತಾ?"

ರಘು ಬಾಯಿ ತೆರೆಯುವ ಮೊದಲೇ ಸುದ್ದಿ ಛತ್ರವೆಲ್ಲ ಹರಡಿತು. ಆಮೇಲೆ ಮಂಟಪಕ್ಕೆ ಬಂದವರೆಲ್ಲ ಹೆಣ್ಣು ಗಂಡಿಗಿಂತ ಮುಂಚೆ ಲ್ಯಾಪ್‌ಟಾಪಿಗೆ ಕೈ ಮುಗಿದರು. ಹೆಂಗಸರು ಸೆರಗು ಸರಿಮಾಡಿಕೊಂಡು ಅದರೆದುರು ನಿಂತು ಹಲ್ಲು ಬಿಟ್ಟರು. "ದುಬೈಲಿರೋ ನಮ್ಮ ಗಿರೀಶಂಗೂ ಕಾಣ್ತೀನಾ?" ಎಂದು ಒಬ್ಬಾಕೆ ಎರಡೂ ಕೈಯ ಬಳೆ ತೋರಿಸಿ ಹೋದಳು. ರಘುನ ಸಿಟ್ಟು ಗಂಟಲ ತನಕ ಬಂದು, ಎಪ್ಪತ್ತೈದು ಕಂಡು ಇಳಿಯಿತು. ಎಂಬತ್ತು ಕಂಡಾಗ ಅವನೇ ಒಬ್ಬ ಅಜ್ಜಿಗೆ ಹೇಳಿದ, "ಇನ್ನೊಸಿ ಈ ಕಡೆ ನಿಂತ್ಕಳವ್ವ, ಚೆನ್ನಾಗಿ ಕಾಣ್ತಿಯ."

"ಗಟ್ಟಿಮೇಳ! ಗಟ್ಟಿಮೇಳ!"

ವಾಲಗ ಸೂರು ಹಾರುವಂತೆ ಹೊಡೆಯಿತು. ಹೆಣ್ಣಿನ ಕೊರಳಿಗೆ ತಾಳಿ ಬಿತ್ತು. ನಾಲ್ಕು ದಿಕ್ಕಿನಿಂದ ಅಕ್ಷತೆ ಆಲಿಕಲ್ಲಿನ ಹಾಗೆ ಸುರಿಯಿತು. ಗಲಾಟೆ ತಗ್ಗಿದ ಮೇಲೆ ರಘು ತಿರುಗಿ ನೋಡುತ್ತಾನೆ, ಲ್ಯಾಪ್‌ಟಾಪಿನ ಮುಚ್ಚಳ ಬಿಗಿಯಾಗಿ ಮುಚ್ಚಿದೆ. ಮೇಲೆ ಟವೆಲ್ಲು ಬೇರೆ ಹೊದಿಸಿದೆ.

"ದೊಡ್ಡಪ್ಪಾ!"

"ಅಕ್ಕಿಕಾಳು ಒಳಕ್ಕೆ ಓದ್ರೆ ಮಿಸಿನ್ನು ಕೆಟ್ಟೋಗಕಿಲ್ವಾ?" ಕೆಂಪಣ್ಣ ಹೆಮ್ಮೆಯಿಂದ ನಿಂತಿದ್ದ. "ನಾನು ನೋಡ್ದೆ ಸರಿಹೋಯ್ತು."

ತೆರೆದರು. ನಿದ್ದೆಯಿಂದೆಬ್ಬಿಸಿದರು. ಎಂಬತ್ತೇಳರಿಂದ ಮತ್ತೆ ಓಟ. ಗಡಿಯಾರವೂ ಜೊತೆಗೇ ಓಡುತ್ತಿತ್ತು. ಹನ್ನೊಂದೂವರೆ ದಾಟಿಯಾಗಿತ್ತು.

ಈಗ ಧಾರೆ ಎರೆಯುವ ಸಾಲು. ಹೆಣ್ಣು ಗಂಡು ಕೂಡಿ ಹಿಡಿದ ಕಾಯಿಯ ಮೇಲೆ ಬಂದವರೆಲ್ಲ ಹಾಲು ಬಿಡಬೇಕು. ತಟ್ಟೆಗಿಂತ ನೆಲಕ್ಕೇ ಹೆಚ್ಚು ಬೀಳುವುದು ವಾಡಿಕೆ. ಲೈಟಿನವನು ಪ್ಲಗ್ ಬಾಕ್ಸಿಗೆ ಕೈ ಹಾಕಿದ. "ಇದು ತೆಗೀಲೇಬೇಕು ಕಣಣ್ಣ. ಹಾಲು ಬಿದ್ರೆ ಮಂಟಪದಲ್ಲಿರೋರ್‌ಗೆಲ್ಲ ಶಾಕ್ ಹೊಡೀತದೆ."

"ತೊಂಬತ್ನಾಲ್ಕಾಗದೆ ಕಣೋ!"

"ತೆಗೀಲಾ ಅತ್ಲಾಗೆ!" ಹೆಣ್ಣಿನಪ್ಪ ಹೊನ್ನಪ್ಪ ಗುಡುಗಿದ. "ನನ್ನ ಮಗಳ ಧಾರೆಗೆ ನಿನ್ನ ಡಬ್ಬ ಅಡ್ಡ ಬತ್ತದಾ?"

ಬೇರೆ ದಿನವಾಗಿದ್ದರೆ ಡಬ್ಬ ಅಂದವನ ಜೊತೆ ರಘು ಊರು ಕೂಡುವ ತನಕ ಜಗಳ ಆಡುತ್ತಿದ್ದ. ಆದರೆ ತಂಗಿಯ ಮುಖ ನೋಡಿದ. ಅವಳು ಚಾರ್ಜರಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ರಘು ಪ್ಲಗ್ ಬಾಕ್ಸನ್ನು ಎಡಗೈಯಲ್ಲಿ ತಲೆಯ ಮೇಲಕ್ಕೆತ್ತಿದ. ಲ್ಯಾಪ್‌ಟಾಪನ್ನು ಬಲಗೈಯಲ್ಲಿ ಹೆಗಲಿಗೇರಿಸಿದ. ಹೆಣ್ಣು ಗಂಡಿನ ಬೆನ್ನಿಗೆ ಕಂಬದಂತೆ ನಿಂತ.

"ಇಲ್ಲೀಗಂಟ ಹಾಲು ಆರ್ಕಂಡು ಬತ್ತದಾ? ಎರೀರಿ ಈಗ!"

ಹೊನ್ನಪ್ಪ ಮತ್ತೆ ಬಾಯಿ ತೆರೆದ. ಅಷ್ಟರಲ್ಲಿ ಮದುವಣಗಿತ್ತಿ ಸ್ನೇಹ ಬಾಸಿಂಗದೊಳಗಿನಿಂದಲೇ ಅಂದಳು, "ಇರ್ಲಿ ಬುಡಪ್ಪ. ತನು ಕೆಲ್ಸ ಕಣಪ್ಪ ಅದು. ನಂಗೇನು ಬೆನ್ನ ಹಿಂದೆ ಕಾಣ್ತದಾ?"

ಶುರುವಾಯಿತು. ಒಬ್ಬೊಬ್ಬರೂ ಹಾಲು ಬಿಟ್ಟು, ಕತ್ತೆತ್ತಿ ಕೇಳಿದರು, "ಎಷ್ಟಾಯ್ತವ್ವಾ?" ತನುಶ್ರೀ ಕೂಗಿದಳು, "ತೊಂಬತ್ತಾರು!" ಸಾಲಿನ ತುದಿಯವರೆಗೂ ತೊಂಬತ್ತಾರು ಹೋಯಿತು. ತೊಂಬತ್ತೇಳಕ್ಕೆ ಊಟದ ಮನೆಯಿಂದ ಜನ ಎಂಜಲು ಕೈಯಲ್ಲೇ ಬಂದರು. ಫೋಟೋದವನು, "ಹಿಂದಗಡೆ ಅಣ್ಣ, ಒಸಿ ನಗಿ" ಅಂದ. ರಘು ಅವನನ್ನು ಸುಡುವ ಹಾಗೆ ನೋಡಿದ. ಫೋಟೋ ಬಿತ್ತು.

ತೊಂಬತ್ತೊಂಬತ್ತು.

ಮತ್ತೆ ತೊಂಬತ್ತೊಂಬತ್ತು. ಹತ್ತು ಜನ ಹಾಲು ಬಿಟ್ಟರೂ ತೊಂಬತ್ತೊಂಬತ್ತು.

"ಅಣ್ಣಾ, ಪ್ಲಗ್ಗಿನ ಗುರುತು ಓಯ್ತು! ನಿನ್ನ ಕೈ ನಡುಗಿ ಪಿನ್ನು ಸಡಿಲ ಆಗದೆ!"

"ನಂಗೆ ಮೂರನೇ ಕೈ ಐತಾ? ಯಾರಾರ ಒತ್ರೀ!"

ತನುಶ್ರೀ ಕೈ ಚಾಚಿದಳು. ಆಗಷ್ಟೇ ಅವಳೂ ಧಾರೆ ಎರೆದಿದ್ದಳು. ಕೈಯಿಂದ ಹಾಲು ತೊಟ್ಟಿಕ್ಕುತ್ತಿತ್ತು. "ಮುಟ್ಬೇಡ ಕಣೇ! ಒರೆಸ್ಕಂಡ್ರೂ ಪಸೆ ಇರ್ತದೆ!" ಎಂದು ಲೈಟಿನವನು ಹೌಹಾರಿದ. ಅವನ ಕೈ ನೋಡಿದರೆ ಅವನೂ ಪುಣ್ಯಕ್ಕೆ ಒಂದು ಚಮಚ ಎರೆದಿದ್ದ. ಹೊನ್ನಪ್ಪನ ಕೈ ಒದ್ದೆ, ಪುರೋಹಿತರ ಕೈ ಒದ್ದೆ, ಅವ್ವನ ಕೈ ಮೊಣಕೈವರೆಗೂ ಒದ್ದೆ. ಇಡೀ ಛತ್ರದಲ್ಲಿ ಒಣಗಿದ ಕೈ ಒಂದೂ ಇಲ್ಲ! ವಾಲಗದವನು ನಾಗಸ್ವರ ಬಾಯಿಂದ ತೆಗೆದು ನಿಂತುಬಿಟ್ಟ.

"ಜರುಗ್ರಲಾ!"

ಕೆಂಪಣ್ಣ. ಮೊಮ್ಮಕ್ಕಳಿಗೆ ಹೋಳಿಗೆ ಬಡಿಸಿಕೊಡುತ್ತ ಊಟದ ಮನೆಯಲ್ಲೇ ಉಳಿದು, ಇನ್ನೂ ಹಾಲು ಮುಟ್ಟಿರಲಿಲ್ಲ. ಕುರ್ಚಿ ಹತ್ತಿ, ಒಣ ಟವೆಲ್ಲನ್ನು ಎರಡು ಸುತ್ತು ಕೈಗೆ ಸುತ್ತಿ, ಪಿನ್ನನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದ. "ಮುಚ್ಚಿದ್ದೂ ನಾನೆ, ಈಗ ಒತ್ತಿದ್ದೂ ನಾನೆ. ತಗಳಿ!"

ಗುರುತು ಬಂತು. ಸಾಲಿನವರೆಲ್ಲ ಕತ್ತು ಚಾಚಿದರು.

"ನೂರು!"

ತನುಶ್ರೀ ಕೂಗಿದ್ದೇ ವಾಲಗದವನಿಗೆ ಏನನ್ನಿಸಿತೋ, ಗಟ್ಟಿಮೇಳವನ್ನೇ ಇನ್ನೊಮ್ಮೆ ಹೊಡೆದ. ಜನ ಕೈಗೆ ಸಿಕ್ಕ ಅಕ್ಷತೆಯನ್ನೆಲ್ಲ ಈ ಸಲ ರಘುನ ಮೇಲೆ ಎರಚಿದರು. ತನುಶ್ರೀ ಸೆರಗಿಗೆ ಕೈ ಒರೆಸಿ, ಫೋಟೋ ತೆಗೆದು ಕಳಿಸಿದಳು. ಹನ್ನೆರಡಾಗಲು ಇನ್ನೂ ಕೊಂಚ ಇತ್ತು.

ಎರಡು ನಿಮಿಷಕ್ಕೆ ರಾಹುಲ್ ವಿಡಿಯೋ ಕಾಲ್ ಮಾಡಿದ. "ಬಂತು ಮೇಡಂ, ಓಕೆ ಮಾಡಿದೀನಿ. ಸೋಮವಾರದಿಂದ ಕೆಲಸ. ಅಲ್ಲ, ಆ ಫೋಟೋದಲ್ಲಿ ಲ್ಯಾಪ್‌ಟಾಪ್ ಹಿಡ್ಕೊಂಡಿರೋ ಮದುಮಗ ಯಾರು? ಯಾಕೆ ಅಷ್ಟು ಸಿಟ್ಟಲ್ಲಿದಾರೆ?"

ತನುಶ್ರೀ ಬಿದ್ದು ಬಿದ್ದು ನಕ್ಕಳು. ಹೊನ್ನಪ್ಪ ಫೋನು ಕಿತ್ತುಕೊಂಡ. "ಸೋಮಿ, ನಾನು ಹೆಣ್ಣಿನ್ ಕಡೆಯೋನು. ನಮ್ಮ ಹುಡುಗೀಗೆ ಕೆಲ್ಸ ಕೊಟ್ಟಿದ್ದೀರಿ, ಊಟ ಮಾಡ್ದೆ ಓಗಂಗಿಲ್ಲ. ನಾಳಿದ್ದು ಬೀಗರೂಟ ಐತೆ, ಬಾಡೂಟ. ತಪ್ಪಿಸ್ಬ್ಯಾಡಿ."

"ಯಜಮಾನ್ರೇ, ನಾನು ಮೈಸೂರಲ್ಲಿದೀನಿ..."

"ಇದೊಳ್ಳೆ ದೂರ! ನಮ್ಮ ರಘುನ ಗೂಡ್ಸ್ ಆಟೋ ಐತೆ, ಕಳಿಸ್ತೀನಿ."

ರಘು ಅಲ್ಲೇ, ಎರಡೂ ಕೈ ಮೇಲೆತ್ತಿಕೊಂಡೇ ನಿಂತಿದ್ದ. "ಗಾಡಿ ಆಮೇಕ್ ಕಳಿಸೀರಂತೆ," ಅಂದ. ಮುಖದಲ್ಲಿ ಸಿಟ್ಟು ಹುಡುಕಿದರೂ ಸಿಗುತ್ತಿರಲಿಲ್ಲ. "ಮೊದ್ಲು ಯಾರಾರ ಬಂದು ನನ್ನ ಕೈ ಇಳ್ಸಿ. ಮರಗಟ್ಟೋಗವೆ."